ಸಹಾಯ ಬೇಕು: ಅಪ್ಪನ ಲ್ಯಾಬ್ ರಿಪೋರ್ಟ್ ಆನ್‌ಲೈನ್‌ನಲ್ಲಿ ತೆರೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರು ಕಡೆಯವರು. ಅಪ್ಪನಿಗೆ ಶುಗರ್ ಇದೆ. ಹೋದ ವಾರ ರಾಯಚೂರಿನ ಒಂದು ಲ್ಯಾಬ್‌ನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿ) ಟೆಸ್ಟ್ ಮಾಡಿಸಿದೆವು. ರಿಪೋರ್ಟ್ ಆನ್‌ಲೈನ್‌ನಲ್ಲೇ ನೋಡಿಕೊಳ್ಳಿ ಅಂದರು. ನೋಡೋಣ ಅಂದರೆ ಓಟಿಪಿ ಅಪ್ಪನ ಹಳೇ ನಂಬರಿಗೆ ಹೋಗುತ್ತದೆ. ಆ ಸಿಮ್ ಬಂದ್ ಆಗಿ ವರ್ಷವಾಯಿತು! ಫೋನ್ ಮಾಡಿದರೆ ಖುದ್ದು ಬನ್ನಿ ಅನ್ನುತ್ತಾರೆ. ಒಂದು ಹಾಳೆಗಾಗಿ ಸುಮ್ನೆ ಒಂದು ದಿನದ ಕೂಲಿ ಹೋಗುತ್ತದೆ, ಅಲ್ವಾ?

ಅಪ್ಪನಿಗೆ 14 ಅಂಕಿಯ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಮಾಡಿಸಿದ್ದೇನೆ. ಆ್ಯಪ್ ತೆರೆದರೆ ಖಾಲಿ. ಲ್ಯಾಬ್‌ನವರು ಜೋಡಿಸದಿದ್ದರೆ ಅದರಲ್ಲಿ ರಿಪೋರ್ಟ್ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

ಲ್ಯಾಬ್‌ನಲ್ಲಿ ಮೊಬೈಲ್ ನಂಬರನ್ನು ಯಾರಾದರೂ ಫೋನಿನಲ್ಲೇ ಬದಲಾಯಿಸಿಕೊಂಡಿದ್ದೀರಾ? ಬಿಲ್ ನಂಬರ್, ಆಧಾರ್ ಪ್ರತಿ ವಾಟ್ಸಾಪ್ ಮಾಡಿದರೆ ಪಿಡಿಎಫ್ ಕಳಿಸುತ್ತಾರಾ? ಸೋಮವಾರ ಡಾಕ್ಟರಿಗೆ ತೋರಿಸಬೇಕು. ಗೊತ್ತಿದ್ದವರು ಹೇಳಿ ಅಣ್ಣಾ, ಅಕ್ಕಾ.