ಸಹಾಯ ಬೇಕು: ಆಂಕಿಯಲ್ಲಿ ಸಬ್‌ಡೆಕ್ ಇರಲಾ, ಟ್ಯಾಗ್ ಸಾಕಾ?

ಎಲ್ಲರಿಗೂ ನಮಸ್ಕಾರ. ಕೆಎಎಸ್ ಪ್ರಿಲಿಮ್ಸ್‌ಗೆ ಆಂಕಿಯಲ್ಲಿ (ಪ್ರಶ್ನೆ-ಉತ್ತರದ ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸುವ ಆ್ಯಪ್) ಕಾರ್ಡ್ ಮಾಡಿಕೊಂಡು ಓದುತ್ತಿದ್ದೇನೆ. ಇತಿಹಾಸದ ಡೆಕ್ (ಕಾರ್ಡ್‌ಗಳ ಕಟ್ಟು) ಒಳಗೆ ಕದಂಬರು, ಚಾಲುಕ್ಯರು, ಹೊಯ್ಸಳರು ಅಂತ ಸಬ್‌ಡೆಕ್ ಇವೆ. ಹೊಯ್ಸಳರ ಡೆಕ್ ತೆರೆದು 'ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವರು ಯಾರು?' ಅಂತ ಕೇಳಿದರೆ ಉತ್ತರ ಅರ್ಧ ಸಿಕ್ಕಂತೆಯೇ. ಪರೀಕ್ಷೆಯಲ್ಲಿ ಆ ಸುಳಿವು ಇರಲ್ಲ ಅಲ್ವಾ? ಮೇಲಿನ ಡೆಕ್‌ನಿಂದ ಓದಿದರೆ ಎಲ್ಲ ಬೆರೆತು ಬರುತ್ತವೆ, ನಿಜ. ಆದರೆ ಹಲ್ಮಿಡಿ ಶಾಸನದಂಥ ಕಾರ್ಡ್ ಇತಿಹಾಸಕ್ಕೂ ಬೇಕು, ಸಾಹಿತ್ಯಕ್ಕೂ ಬೇಕು. ಒಂದು ಕಾರ್ಡ್ ಒಂದೇ ಡೆಕ್‌ನಲ್ಲಿ ಇರುತ್ತದೆ, ಟ್ಯಾಗ್ ಮಾತ್ರ ಎಷ್ಟು ಬೇಕಾದರೂ ಹಾಕಬಹುದು.

ಹಾಗಾಗಿ ಎಲ್ಲವನ್ನೂ ಒಂದೇ ಡೆಕ್‌ಗೆ ಸುರಿದು ಟ್ಯಾಗ್ ಹಾಕೋಣ ಅನ್ನಿಸುತ್ತಿದೆ. ದಿನಕ್ಕೆ 20 ಹೊಸ ಕಾರ್ಡ್ ಇಟ್ಟಿದ್ದೇನೆ. ಆಗ ಬರೀ ಇತಿಹಾಸವೇ ಬಂದು ಸಂವಿಧಾನ ಹಿಂದೆ ಬೀಳದಂತೆ ಯಾವ ಸೆಟ್ಟಿಂಗ್ ಇಡಬೇಕು? ಹೀಗೆ ಮಾಡಿದವರು ದಯವಿಟ್ಟು ಹೇಳಿ.