ಅತ್ತೆ, ದಿಯುವಿಗೆ ಒಂದು ಗಂಟೆ ಸಾಲಲ್ಲ

ಅತ್ತೆ, ನಿಮ್ಮ ಮೆಸೇಜ್ ಈಗ ನೋಡಿದೆ. ಸೋಮನಾಥಕ್ಕೆ ಹೊರಟಿದ್ದೀವಿ, ಹಾಗೇ ದಿಯುವಿಗೂ ಹೋಗೋದಾ, ಅದು ಕುಡಿಯುವವರ ಊರು ಅಂತಾರಲ್ಲ ಅಂತ ಕೇಳಿದ್ದೀರಿ. ಅದರ ಕೆಳಗೆ ಮಾವ ಬೇರೆ "ಒಂದು ಗಂಟೆ ಕೋಟೆ ನೋಡಿದರೆ ಸಾಕು" ಅಂತ ಹಾಕಿದ್ದಾರೆ. ಇದು ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಕುಡಿಯುವವರ ಮಾತು ಸುಳ್ಳಲ್ಲ. ಗುಜರಾತಿನಲ್ಲಿ ಪಾನನಿಷೇಧ. ದಿಯು ಅದಕ್ಕೆ ಅಂಟಿಕೊಂಡೇ ಇದ್ದರೂ ಕೇಂದ್ರಾಡಳಿತ ಪ್ರದೇಶ, ಅಲ್ಲಿ ಆ ನಿಷೇಧ ಇಲ್ಲ. ಹಾಗಾಗಿ ಶನಿವಾರ, ಭಾನುವಾರ ನಾಗೋವಾ ಬೀಚ್ ಕಡೆ ಜಾತ್ರೆ. ನೀವು ಮಂಗಳವಾರವೋ ಬುಧವಾರವೋ ಹೋಗಿ, ಆ ಗಲಾಟೆ ಇರಲ್ಲ. ಬೀಚ್ ದಾರಿಯಲ್ಲಿ ಹೋಕಾ ಮರ ನೋಡಿ. ತಾಳೆ ಜಾತಿಯದೇ, ಆದರೆ ಕಾಂಡ ಕವಲೊಡೆದು ಎರಡು, ನಾಲ್ಕು ಆಗಿರುತ್ತೆ. ನಮ್ಮ ಕಡೆ ಇಂಥ ತಾಳೆ ಕಾಣಸಿಗಲ್ಲ.

ಮಾವ, ಕೋಟೆ ನಿಮಗೆ ಇಷ್ಟವಾಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಥೆ ಗೊತ್ತಿಲ್ಲದೆ ನೋಡಿದರೆ ಬರೀ ಕಲ್ಲು. 1535ರಲ್ಲಿ ಗುಜರಾತಿನ ಸುಲ್ತಾನ ಬಹದ್ದೂರ್ ಷಾ, ಹುಮಾಯೂನನ ಕಾಟ ತಾಳಲಾರದೆ ಪೋರ್ಚುಗೀಸರ ಸಹಾಯ ಕೇಳಿದ. ಕೋಟೆ ಕಟ್ಟಿಕೊಳ್ಳೋಕೆ ಜಾಗ ಕೊಟ್ಟ. ಎರಡೇ ವರ್ಷ. 1537ರಲ್ಲಿ ಅವರ ಹಡಗಿಗೆ ಹೋಗಿ ವಾಪಸ್ ಬರುವಾಗ ಇದೇ ಸಮುದ್ರದಲ್ಲಿ ಅವರ ಕೈಯಲ್ಲೇ ಸತ್ತ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅಲ್ವಾ? 1538ರಲ್ಲಿ ಒಮ್ಮೆ, 1546ರಲ್ಲಿ ಇನ್ನೊಮ್ಮೆ ಮುತ್ತಿಗೆ ಬಿತ್ತು. ಕೋಟೆ ಬೀಳಲಿಲ್ಲ. 1961ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಹೋಗುವವರೆಗೆ ಪೋರ್ಚುಗೀಸರು ಅಲ್ಲೇ ಇದ್ದರು. ಗೋಡೆ ಮೇಲೆ ಫಿರಂಗಿಗಳು ಈಗಲೂ ಸಮುದ್ರದ ಕಡೆ ಮುಖ ಮಾಡಿಕೊಂಡಿವೆ. ಎದುರಿಗೆ ನೀರಿನ ನಡುವೆ ಪಾನಿಕೋಠಾ ಅನ್ನೋ ಸಣ್ಣ ಕೋಟೆ ಕಾಣುತ್ತೆ. ದಿಯುವಿನ ದೊಡ್ಡ ಕೋಟೆಗೆ ಕಲ್ಲು ಕಡಿದ ಜಾಗವೇ ನೈದಾ ಗುಹೆ ಅಂತ ಊರವರು ಹೇಳ್ತಾರೆ. ಮೇಲಿನ ಕಿಂಡಿಗಳಿಂದ ಬಿಸಿಲು ಒಳಗೆ ಇಳಿಯುತ್ತೆ. ಫೋಟೋ ತೆಗೆಯುವವರ ಕಾಟ ಜಾಸ್ತಿ, ಬೆಳಗ್ಗೆ ಬೇಗ ಹೋಗಿ.

ಆದರೆ ನಾನು ಎರಡು ದಿನ ಇರಿ ಅನ್ನೋದು ಕೋಟೆಗಾಗಿ ಅಲ್ಲ, ಹಳೇ ಊರಿನ ಓಣಿಗಳಿಗಾಗಿ. ಝಾಂಪಾ ಬಾಗಿಲು ದಾಟಿ ಒಳಗೆ ಸುಮ್ನೆ ನಡೀರಿ. ನಗರಸೇಠರ ಹವೇಲಿ ಕೇಳಿದರೆ ಯಾರಾದರೂ ತೋರಿಸ್ತಾರೆ. ಅಂಥ ಹಳೇ ಮನೆಗಳ ಮರದ ಕೆತ್ತನೆ ಅಪ್ಪಟ ಗುಜರಾತಿ, ಬಾಲ್ಕನಿ ಮತ್ತು ಬಣ್ಣ ಪೋರ್ಚುಗೀಸರದು. ಎಷ್ಟೋ ಬಾಗಿಲಿಗೆ ಬೀಗ. ಊರು ಹಾಳುಬಿದ್ದಿದೆ ಅಂದುಕೋಬೇಡಿ. ಪೋರ್ಚುಗೀಸರ ಕಾಲದಲ್ಲೇ ಇಲ್ಲಿಂದ ಬಹಳ ಜನ ಮೊಜಾಂಬಿಕ್‌ಗೆ ದುಡಿಯೋಕೆ ಹೋದರು. ಅಲ್ಲಿಂದ ಲಿಸ್ಬನ್‌ಗೆ. 1961ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದವರು, ಅವರ ಮಕ್ಕಳು ಪೋರ್ಚುಗಲ್ ಪೌರತ್ವ ಕೇಳಬಹುದು. ಹಾಗೆ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡ್ ಸೇರಿದವರೂ ತುಂಬಾ. ನಮ್ಮ ಮಲೆನಾಡಿನ ಮನೆಗಳಿಗೆ ಬೆಂಗಳೂರು ಹೇಗೋ, ಇವರಿಗೆ ಲಿಸ್ಬನ್ ಹಾಗೆ.

ಸೇಂಟ್ ಪಾಲ್ ಚರ್ಚ್ ತಪ್ಪಿಸಬೇಡಿ. 1610ರಲ್ಲಿ ಮುಗಿದದ್ದು. ಹೊರಗೆ ಬೆಳ್ಳಗೆ ಸುಣ್ಣ, ಒಳಗೆ ಕಪ್ಪಾದ ಮರದ ಕೆತ್ತನೆ. ಈಗಲೂ ಪೂಜೆ ನಡೆಯುತ್ತೆ. ಸೇಂಟ್ ಥಾಮಸ್ ಚರ್ಚ್ ಮ್ಯೂಸಿಯಂ ಆಗಿದೆ, ಹೊತ್ತಿದ್ದರೆ ನೋಡಿ.

ಅತ್ತೆ, ನಿಮಗೆ ಫುದಮ್ ಹತ್ತಿರದ ಗಂಗೇಶ್ವರ. ಬಂಡೆಗಳ ಸಂದಿಯಲ್ಲಿ ಐದು ಶಿವಲಿಂಗ, ಪಾಂಡವರು ಇಟ್ಟಿದ್ದು ಅಂತ ನಂಬಿಕೆ. ಅಲ್ಲಿ ಅಭಿಷೇಕ ಸಮುದ್ರದ್ದೇ. ಅಲೆ ಬಂದು ಲಿಂಗ ಮುಳುಗಿಸುತ್ತೆ, ಹೂವು ತೆಗೆದುಕೊಂಡು ಹಿಂದೆ ಸರಿಯುತ್ತೆ. ಕೆಳಗೆ ಮೆಟ್ಟಿಲು ಒದ್ದೆ, ನಿಮ್ಮ ಮಂಡಿ ನೋವಿಗೆ ಅವಸರ ಆಗಲ್ಲ. ಉಬ್ಬರದ ಹೊತ್ತು ಯಾವಾಗ ಅಂತ ಹೋಟೆಲಿನಲ್ಲೇ ಕೇಳಿಕೊಂಡು ಇಳಿಯಿರಿ.

ಸಂಜೆ ಚಕ್ರತೀರ್ಥದ ಹತ್ತಿರ ಖುಕ್ರಿ ಸ್ಮಾರಕಕ್ಕೆ ಹೋಗಿ. 1971ರ ಡಿಸೆಂಬರ್ 9ರಂದು ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಈ ಕಡಲಿನಲ್ಲೇ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಬಿಟ್ಟರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ.

ಊಟದ ಚಿಂತೆ ಬೇಡ. ಮೀನು ತಿನ್ನುವವರಿಗೆ ಹಬ್ಬ, ವಣಾಕ್‌ಬಾರಾದಲ್ಲಿ ದೋಣಿಗಳ ಸಾಲೇ ಇದೆ. ನಿಮಗೆ ಕಾಠಿಯಾವಾಡಿ ಊಟ: ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ, ಬೆಲ್ಲ, ಮಜ್ಜಿಗೆ. ಹುಬ್ಬಳ್ಳಿಯವರಿಗೆ ಇನ್ನೇನು ಬೇಕು!

ಸೋಮನಾಥದಿಂದ ಸುಮಾರು 80 ಕಿಲೋಮೀಟರ್. ಬೆಳಗ್ಗೆ ದರ್ಶನ ಮುಗಿಸಿ ಹೊರಟರೆ ಊಟದ ಹೊತ್ತಿಗೆ ದಿಯು. ಗಾಡಿಯವರಿಗೆ ರಾತ್ರಿ ಅಲ್ಲೇ ಉಳಿಯೋದು ಅಂತ ಮೊದಲೇ ಹೇಳಿಬಿಡಿ, ಆಮೇಲೆ ಬಾಟಾ ಅಂತ ತಕರಾರು ತೆಗೀತಾರೆ. ರೂಮ್ ಹಳೇ ಊರಿಗೆ ಹತ್ತಿರ ಹಿಡೀರಿ. ಮಾವ, ದಿನ ಪಕ್ಕಾ ಆದ ಮೇಲೆ ಗ್ರೂಪಿಗೆ ಹಾಕಿ.