ಮೆಕ್ಕೆಜೋಳದ ಮೂರು ಜೀನ್: ದೂರ 22 ಅಂತ ಬರೆಯಬೇಕಾ, 21.2 ಅಂತಲಾ?

ಪುಣೆ ವಿದ್ಯಾರ್ಥಿನಿ:
ನಮಸ್ಕಾರ. ಊರು ಗದಗ, ಈಗ ಪುಣೆಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಲಿಂಕೇಜ್ (ಒಂದೇ ಕ್ರೋಮೋಸೋಮಿನ ಜೀನ್‌ಗಳು ಒಟ್ಟಿಗೆ ಸಾಗುವುದು) ಲೆಕ್ಕವೊಂದು ಬಗೆಹರಿಯುತ್ತಿಲ್ಲ. ಒಂದು ಮೂಲ ತಳಿಯ ಕಾಳು ಬಣ್ಣದ್ದು, ತುಂಬಿದ್ದು, ಮಾಮೂಲಿ ಪಿಷ್ಟದ್ದು. ಇನ್ನೊಂದರದ್ದು ಬಣ್ಣವಿಲ್ಲದ, ಸುಕ್ಕಾದ, ಮೇಣದಂಥ ಕಾಳು. ಇವುಗಳ ಮಿಶ್ರತಳಿಗೆ ಟೆಸ್ಟ್ ಕ್ರಾಸ್, ಅಂದರೆ ಆ ಎರಡನೇ ಥರದ ತಳಿಯ ಜೊತೆ ಮತ್ತೆ ಸಂಕರ, ಮಾಡಿದಾಗ 1000 ಕಾಳು ಬಂದಿವೆ. ಮೂಲ ತಳಿಗಳಂತೆಯೇ ಇರುವವು 784. ಬಣ್ಣ ಮಾತ್ರ ಅದಲುಬದಲಾದವು 34, ಮೇಣ ಮಾತ್ರ 178, ಸುಕ್ಕು ಮಾತ್ರ 4. ಬಣ್ಣಕ್ಕೂ ಮೇಣಕ್ಕೂ ಇರುವ ದೂರವನ್ನು ನೇರವಾಗಿ ಲೆಕ್ಕ ಹಾಕಿದರೆ 34+178, ಅಂದರೆ 100ಕ್ಕೆ 21.2. ನಡುವಿನ ದೂರಗಳನ್ನು ಕೂಡಿಸಿದರೆ 22. ಯಾವುದು ಸರಿ?

ಮಾಟುಂಗಾ ಮೇಷ್ಟ್ರು:
22 ಅಂತಲೇ ಬರಿಯಮ್ಮ. ಮೊದಲು ಕ್ರಮ ನೋಡು. ಎಲ್ಲಕ್ಕಿಂತ ಕಡಿಮೆ ಇರುವ ಗುಂಪು ಎರಡು ಕಡೆ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಳ್ಳುವುದು) ಆದದ್ದು. ಅಲ್ಲಿ ಒಂಟಿಯಾಗಿ ಅದಲುಬದಲಾದ ಜೀನೇ ನಡುವಿನದು. ಅಂದರೆ ಬಣ್ಣ, ಸುಕ್ಕು, ಮೇಣ.

ಈಗ ದೂರ. ಬಣ್ಣ–ಸುಕ್ಕು ನಡುವೆ 34+4, ಅಂದರೆ 3.8. ಸುಕ್ಕು–ಮೇಣ ನಡುವೆ 178+4, ಅಂದರೆ 18.2. ಆ 4 ಕಾಳು ಎರಡೂ ಕಡೆ ಸೇರಬೇಕು, ಹುಡುಗರು ಜಾಸ್ತಿ ಬಿಡುವುದು ಇದನ್ನೇ. ರೈಲು ಹಳಿಯನ್ನು ಎರಡು ಸಲ ದಾಟಿದವರು ಮತ್ತೆ ಹೊರಟ ಕಡೆಯೇ ನಿಂತಿರುತ್ತಾರೆ, ಅಲ್ವಾ? ಹಾಗೇ ಆ 4 ಕಾಳಿನಲ್ಲಿ ಬಣ್ಣವೂ ಮೇಣವೂ ಮೊದಲಿನ ಜೋಡಿಯಾಗಿಯೇ ಕಾಣುತ್ತವೆ. ನೇರ ಲೆಕ್ಕದಲ್ಲಿ ಅವು ಬಿಟ್ಟುಹೋಗುತ್ತವೆ. ಒಂದೊಂದರಲ್ಲಿ ಎರಡು, ಒಟ್ಟು 8 ಕ್ರಾಸಿಂಗ್ ಓವರ್. ನಿನ್ನ 0.8 ಅದೇ.

ಸ್ಟರ್ಟೆವಂಟ್ ಎಂಬ ವಿಜ್ಞಾನಿ 1913ರಲ್ಲಿ ಹಣ್ಣುನೊಣದ 6 ಗುಣಗಳನ್ನಿಟ್ಟು ಮೊದಲ ಜೀನ್ ನಕ್ಷೆ ಪ್ರಕಟಿಸಿದಾಗಲೂ ದೂರದ ಜೀನ್‌ಗಳಲ್ಲಿ ಈ ಕೊರತೆ ಕಂಡಿತ್ತು. ತಳಿವಿಜ್ಞಾನಿ ಮಾರ್ಗನ್ ಲ್ಯಾಬ್‌ನಲ್ಲಿ ಆ ನಕ್ಷೆಯ ಯೋಚನೆ ಹೊಳೆದಾಗ ಸ್ಟರ್ಟೆವಂಟ್ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ! ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಪೊಂಡಾ ಭತ್ತ:
ಮೇಷ್ಟ್ರು ಹೇಳಿದ್ದು ಸರಿ. ನಾನು ಗೋವಾದಲ್ಲಿ ಭತ್ತದ ತಳಿ ಕೆಲಸದಲ್ಲಿದ್ದೇನೆ. ಇಲ್ಲಿನ ಖಾಜನ್ ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತದೆ, ಕೊರ್ಗುಟ್ ತಳಿ ಅದನ್ನು ತಡೆಯುತ್ತದೆ. ಭತ್ತದಲ್ಲಿ ಉಪ್ಪು ತಡೆಯುವ ಸಾಲ್ಟಾಲ್ ಎಂಬ ಜಾಗ 1ನೇ ಕ್ರೋಮೋಸೋಮಿನಲ್ಲಿದೆ. ನಾವು ಮಾರ್ಕರ್ (ಜೀನಿನ ಹತ್ತಿರದ ಡಿಎನ್‌ಎ ಗುರುತು) ಹಿಡಿದು ಸಸಿ ಆರಿಸುವಾಗ ಈ ದೂರವೇ ಮುಖ್ಯ. ಮಾರ್ಕರ್ 1 ಸೆಂಟಿಮಾರ್ಗನ್ (ಈ ದೂರದ ಅಳತೆ) ದೂರವಿದ್ದರೆ, ಒಂದು ತಲೆಮಾರಿನಲ್ಲಿ ಅದು ಜೀನಿನಿಂದ ಬೇರೆಯಾಗುವುದು ಸುಮಾರು 100ಕ್ಕೆ 1. 20 ಇದ್ದರೆ ನಂಬೋಕಾಗಲ್ಲ. ಸೆಂಟಿಮಾರ್ಗನ್ನನ್ನು ಡಿಎನ್‌ಎ ಉದ್ದ ಅಂತ ಮಾತ್ರ ತಿಳಿಯಬೇಡಿ. ಸೆಂಟ್ರೊಮಿಯರ್ (ಕ್ರೋಮೋಸೋಮಿನ ಎರಡು ಎಳೆಗಳು ಕೂಡಿರುವ ಜಾಗ) ಹತ್ತಿರ ಕ್ರಾಸಿಂಗ್ ಓವರ್ ಕಡಿಮೆ. ಹಾಗಾಗಿ ಅಲ್ಲಿ ಉದ್ದದ ತುಂಡೂ ನಕ್ಷೆಯಲ್ಲಿ ಗಿಡ್ಡವಾಗಿ ಕಾಣುತ್ತದೆ.

ಪುಣೆ ವಿದ್ಯಾರ್ಥಿನಿ:
ತುಂಬ ಥ್ಯಾಂಕ್ಸ್ ಸರ್. ಇನ್ನೊಂದು ಅನುಮಾನ. ಎರಡೂ ಕಡೆ ಕ್ರಾಸಿಂಗ್ ಓವರ್ ಆದ ಕಾಳು 0.038 × 0.182 × 1000 ಅಂದರೆ ಸುಮಾರು 7 ಬರಬೇಕಿತ್ತು. 4 ಯಾಕೆ?

ಮಾಟುಂಗಾ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಒಂದು ಕಡೆ ಕ್ರಾಸಿಂಗ್ ಓವರ್ ಆದರೆ ಪಕ್ಕದಲ್ಲೇ ಇನ್ನೊಂದು ಆಗುವ ಸಾಧ್ಯತೆ ಸಾಮಾನ್ಯವಾಗಿ ಕಡಿಮೆ. ಅದನ್ನೇ ಇಂಟರ್‌ಫಿಯರೆನ್ಸ್ ಅನ್ನುತ್ತಾರೆ. 4 ಭಾಗಿಸು 6.9, ಸುಮಾರು 0.58. ಒಂದರಿಂದ ಕಳೆದರೆ 0.42, ಅದೇ ಇಂಟರ್‌ಫಿಯರೆನ್ಸ್. ಪ್ರಶ್ನೆಯಲ್ಲಿ ಕೇಳದಿದ್ದರೂ ಇದನ್ನು ಬರಿ.